ಕಾವೇರಿ ಮನೆಗೆ ಬಂದ ಮೇಲೆ

ಪುಟ್ಟಣ್ಣ ಕಣಗಾಲರ 'ಶರಪಂಜರ' ತೆರೆಗೆ ಬಂದದ್ದು 1971ರಲ್ಲಿ. ತ್ರಿವೇಣಿಯವರ ಕಾದಂಬರಿ ಅದಕ್ಕೆ ಮೂಲ. ಹುಚ್ಚಿಯಾಗಿ ಕಲ್ಪನಾ ಮಾಡಿದ ಅಭಿನಯವನ್ನು ಜನ ಇವತ್ತಿಗೂ ಮೆಚ್ಚಿ ನೆನೆಯುತ್ತಾರೆ. ನನ್ನನ್ನು ಕಾಡುವುದು ಆ ದೃಶ್ಯಗಳಲ್ಲ, ಬಾಣಂತನದಲ್ಲಿ ಮನಸ್ಸು ಕದಡಿ ಆಸ್ಪತ್ರೆ ಸೇರಿದ ಕಾವೇರಿ ಗುಣವಾಗಿ ಮನೆಗೆ ಬಂದ ಮೇಲಿನ ಭಾಗ. ಅವಳ ಮಾತು, ಮೌನ, ಅಲಂಕಾರ ಎಲ್ಲವನ್ನೂ ಮನೆಯವರೂ ನೆರೆಹೊರೆಯವರೂ ಒಂದೇ ಅನುಮಾನದಿಂದ ಅಳೆಯುತ್ತಾರೆ. ವೈದ್ಯರು ವಾಸಿಮಾಡಿ ಕಳಿಸಿದವಳನ್ನು ಮನೆ ಮತ್ತೆ ಆಸ್ಪತ್ರೆಯ ದಾರಿ ಹಿಡಿಸುತ್ತದೆ.

ಕಾವೇರಿಗೆ ಬಂದಂಥ ಕಾಯಿಲೆಗೆ ನಮ್ಮ ಅಜ್ಜಿಯರ ಬಳಿ ಹೆಸರಿತ್ತು: ಬಾಣಂತಿ ಸನ್ನಿ. ಬಾಣಂತಿಗೆ ತಣ್ಣೀರು ಮುಟ್ಟಿಸಬೇಡಿ, ಕಿವಿಗೆ ಹತ್ತಿ ಇಡಿ, ಗಾಳಿಗೆ ಬಿಡಬೇಡಿ, ಸನ್ನಿಯಾದೀತು ಎನ್ನುತ್ತಿದ್ದರು. ಕಾರಣ ತಪ್ಪಿರಬಹುದು, ಗಮನಿಸಿದ್ದು ತಪ್ಪಲ್ಲ. ಈ ಕಾಯಿಲೆ ಹೆರಿಗೆಯಾದ ಮೊದಲ ಎರಡು ವಾರಗಳಲ್ಲೇ ಹೆಚ್ಚಾಗಿ ತಲೆಯೆತ್ತುತ್ತದೆ. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ ಬರುತ್ತದೆ. ಮೊದಲು ನಿದ್ದೆ ಹಾರಿಹೋಗುತ್ತದೆ, ಮಗು ಮಲಗಿದ್ದರೂ ತಾಯಿಗೆ ಕಣ್ಣು ಮುಚ್ಚುವುದಿಲ್ಲ. ಆಮೇಲೆ ಮಾತು ಏರುತ್ತದೆ, ಇಲ್ಲವೇ ಪೂರ್ತಿ ನಿಂತುಹೋಗುತ್ತದೆ. ಯಾರೋ ಕರೆದಂತೆ ಕೇಳಿಸುತ್ತದೆ. ಮಗು ತನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎಂಬಂಥ ನಂಬಿಕೆ ಹುಟ್ಟಬಹುದು.

ಹೆತ್ತ ಮೂರ್ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಬೇರೆ. ಅರ್ಧಕ್ಕೂ ಹೆಚ್ಚು ತಾಯಂದಿರಿಗೆ ಹಾಗಾಗುತ್ತದೆ, ಹತ್ತು ದಿನದೊಳಗೆ ತಾನಾಗಿ ಹೋಗುತ್ತದೆ. ವಾರಗಟ್ಟಲೆ ಉಳಿಯುವ ಬಾಣಂತಿ ಖಿನ್ನತೆ ಇನ್ನೊಂದು. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬ ತಾಯಿಯನ್ನು ಅದು ಹಿಡಿಯುತ್ತದೆ, ಮನೆಯವರು 'ಸೊಸೆ ಸೋಮಾರಿ' ಎಂದುಕೊಂಡು ಸುಮ್ಮನಿರುತ್ತಾರೆ. ಸನ್ನಿ ಅಪರೂಪದ್ದು, ಆದರೆ ತುರ್ತಿನದು. ಆ ಗೊಂದಲದಲ್ಲಿ ತಾಯಿ ತನ್ನ ಜೀವಕ್ಕೋ ಮಗುವಿನ ಜೀವಕ್ಕೋ ಅಪಾಯ ತಂದುಕೊಳ್ಳಬಹುದು.

ಒಳಗೆ ಏನಾಗುತ್ತದೆ? ಬಸಿರಿನ ಉದ್ದಕ್ಕೂ ಏರುತ್ತಾ ಬಂದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಹೆರಿಗೆಯಾದ ಕೆಲವೇ ದಿನಗಳಲ್ಲಿ ದಬಕ್ಕನೆ ಇಳಿಯುತ್ತವೆ. ಇವೆರಡೂ ಮಿದುಳಿನ ರಾಸಾಯನಿಕ ಸಂದೇಶಗಳ ಮೇಲೆ ಕೈಯಾಡಿಸುವಂಥವು. ಇಳಿತ ಎಲ್ಲ ತಾಯಂದಿರಲ್ಲೂ ಆಗುತ್ತದೆ, ಆದರೆ ಕೆಲವರ ಮಿದುಳು ಅದನ್ನು ತಡೆದುಕೊಳ್ಳುವುದಿಲ್ಲ. ಅಂಥವರಲ್ಲಿ ಅನೇಕರಿಗೆ ತಮ್ಮಲ್ಲೋ ರಕ್ತಸಂಬಂಧಿಗಳಲ್ಲೋ ಬೈಪೋಲಾರ್ ಕಾಯಿಲೆಯ ಹಿನ್ನೆಲೆ ಇರುತ್ತದೆ. ಅದರ ಮೇಲೆ ನಿದ್ದೆಗೆಟ್ಟ ರಾತ್ರಿಗಳು. ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ ಬಾಣಂತಿಯನ್ನು ಮಲಗಿಸುತ್ತಿದ್ದ ಹಳೆಯ ಪದ್ಧತಿಗೆ ನಾನು ಕೈಮುಗಿಯುತ್ತೇನೆ, ಕಿವಿಯ ಹತ್ತಿಗಲ್ಲ.

ಔಷಧ ಇದೆ. ಮಾತ್ರೆಗಳಿಗೆ ಬಗ್ಗದಿದ್ದರೆ ವಿದ್ಯುತ್ ಚಿಕಿತ್ಸೆಯೂ ಇದೆ. ಸಿನಿಮಾದವರು ಅದನ್ನು 'ಕರೆಂಟ್ ಶಾಕ್' ಎಂದು ತೋರಿಸಿ ಊರನ್ನೇ ಹೆದರಿಸಿಟ್ಟಿದ್ದಾರೆ. ಈಗ ಅರಿವಳಿಕೆ ಕೊಡದೆ ಅದನ್ನು ಮಾಡುವುದನ್ನು ಕಾನೂನೇ ನಿಷೇಧಿಸಿದೆ. ಬೇಗ ಚಿಕಿತ್ಸೆ ಸಿಕ್ಕವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ, ತಡವಾದರೆ ತಿಂಗಳುಗಳಲ್ಲಿ ಗುಣವಾಗುತ್ತಾರೆ. ಮುಂದಿನ ಹೆರಿಗೆಯಲ್ಲಿ ಮರಳುವ ಸಂಭವ ಇರುವುದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು, ಅಷ್ಟೆ. ಆದರೆ ಆ ಹೊತ್ತಿಗೆ ವಿಷಯ ಬೀದಿ ತಲುಪಿರುತ್ತದೆ. ನಾದಿನಿಗೆ ಬರಬೇಕಿದ್ದ ಸಂಬಂಧ ಮುರಿದಿರುತ್ತದೆ. ಮನೆಯವರು 'ನರದ ಡಾಕ್ಟರ ಹತ್ರ ತೋರಿಸ್ತಿದ್ದೀವಿ' ಎಂದು ತೇಲಿಸಲು ಕಲಿತಿರುತ್ತಾರೆ.

ಈ ಕಳಂಕವನ್ನು ಹೆಸರು ಬದಲಾಯಿಸಿ ತೊಳೆಯಲು ನೋಡಿದ್ದುಂಟು. ಬೆಂಗಳೂರಿನಲ್ಲಿದ್ದ ಲುನಾಟಿಕ್ ಅಸೈಲಮ್ಮಿಗೆ ಮೈಸೂರು ಸರ್ಕಾರ 1925ರಲ್ಲಿ 'ಮೆಂಟಲ್ ಹಾಸ್ಪಿಟಲ್' ಎಂದು ಹೆಸರಿಟ್ಟಿತು. ಆಗ ಅದು ಗೌರವದ ಮಾತು. ಇವತ್ತು 'ಅವನೊಬ್ಬ ಮೆಂಟಲ್' ಎಂಬುದು ಬೈಗುಳ. 1974ರಲ್ಲಿ ಅದೇ ಸಂಸ್ಥೆ ನಿಮ್ಹಾನ್ಸ್ ಆಯಿತು. ಈಗ 'ನಿಮ್ಹಾನ್ಸ್ ಸ್ಟಾಪಲ್ಲಿ ಇಳ್ಕೊ' ಎಂಬುದು ಹೊಸೂರು ರಸ್ತೆಯ ಗೆಳೆಯರ ತಮಾಷೆ. ಹೆಸರು ಎಷ್ಟೇ ಹೊಸದಿರಲಿ, ಹಳೆಯ ಭಯ ಬಂದು ಮೆತ್ತಿಕೊಳ್ಳುತ್ತದೆ.

ತಿಳಿವಳಿಕೆ ಕೊಟ್ಟರೆ ಸಾಕಲ್ಲವೇ? 'ಇದು ಮಧುಮೇಹದ ಹಾಗೆಯೇ ಒಂದು ಕಾಯಿಲೆ, ಮಿದುಳಿನ ರಾಸಾಯನಿಕಗಳ ಏರುಪೇರು' ಎಂದು ನಾವು ಬರೆಯುವವರೆಲ್ಲ ಬರೆದೇ ಬರೆದಿದ್ದೇವೆ. ಅದರ ಫಲವನ್ನು ಅಳೆದವರಿದ್ದಾರೆ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಕಂಡದ್ದು ಇದು: ಮಿದುಳು, ವಂಶವಾಹಿ ಎಂದು ವಿವರಿಸಿದಾಗ ರೋಗಿಯದೇ ತಪ್ಪು ಎನ್ನುವುದು ಕಡಿಮೆಯಾಗುತ್ತದೆ, ಆದರೆ 'ಇದು ಹೋಗುವಂಥದ್ದಲ್ಲ' ಎಂಬ ನಿರಾಶೆ ಹೆಚ್ಚುತ್ತದೆ. ಬೈಯುವುದನ್ನು ಬಿಟ್ಟ ಜನ ಹತ್ತಿರವೇನೂ ಬರಲಿಲ್ಲ. ಹಾರ್ಮೋನಿನ ಕಥೆಯನ್ನು ಈಗತಾನೇ ಹೇಳಿದ ನನಗೂ ಇದು ಚುಚ್ಚುವ ಮಾತೇ. ಇದಕ್ಕೂ ಒಂದು ವರ್ಷ ಮೊದಲು ಬಂದ ಇನ್ನೊಂದು ವಿಶ್ಲೇಷಣೆಯ ಪ್ರಕಾರ, ವಯಸ್ಕರ ಮನಸ್ಸು ಬದಲಾಗುವುದು ಪಾಠಕ್ಕಿಂತ ಭೇಟಿಯಿಂದ. ಕಾಯಿಲೆಯಿಂದ ಎದ್ದು ಬಂದ ಮನುಷ್ಯನೊಬ್ಬ ಎದುರು ಕೂತು ಮಾತಾಡಬೇಕು.

ಈ ಮಾತನ್ನು ಅಮೃತಸರದ ಒಬ್ಬ ವೈದ್ಯರು ಅರ್ಧ ಶತಮಾನ ಮೊದಲೇ ಮಾಡಿ ತೋರಿಸಿದ್ದರು, ಅದೂ ಜಾಗ ಸಾಲದೆ. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆ ತುಂಬಿ ತುಳುಕುತ್ತಿತ್ತು. ಅಧೀಕ್ಷಕರಾಗಿದ್ದ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆ ಮನೆಯವರೂ ಬಂದಿರಲಿ ಎಂದರು. ಗಂಡಂದಿರು, ಅತ್ತೆಯರು, ಅಣ್ಣಂದಿರು ಅಲ್ಲೇ ಉಳಿದರು. ರೋಗಿಗಳನ್ನೂ ಮನೆಯವರನ್ನೂ ಒಟ್ಟಿಗೆ ಕೂರಿಸಿಕೊಂಡು ವೈದ್ಯರು ಮಾತಾಡುತ್ತಿದ್ದರು. ಪಕ್ಕದ ಡೇರೆಯಲ್ಲಿ ನಿನ್ನೆ ಚೀರಾಡುತ್ತಿದ್ದವ ಇವತ್ತು ರೊಟ್ಟಿ ತಿನ್ನುತ್ತಾ ಕೂತಿರುವುದನ್ನು ಕಣ್ಣಾರೆ ಕಂಡವರಿಗೆ ಬೇರೆ ಉಪದೇಶ ಬೇಕೆ? ರೋಗಿಗಳು ಬೇಗ ಚೇತರಿಸಿಕೊಂಡರು. ಊರಿಗೆ ಹೋದ ಮನೆಯವರು 'ಇದು ವಾಸಿಯಾಗುತ್ತದೆ, ನಾನೇ ನೋಡಿದ್ದೇನೆ' ಎನ್ನುವಂತಾದರು. ಹೊರಗಿಂದ ತಂದು ಅಂಟಿಸಿದ ಯಾವ ಭಿತ್ತಿಪತ್ರಕ್ಕೂ ಆ 'ನಾನೇ'ಯ ತೂಕ ಬರುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮುಂದೆ ಇದನ್ನೇ ನಿಯಮ ಮಾಡಿಕೊಂಡಿತು.

ಮನೆಯವರು ಹತ್ತಿರ ಇದ್ದರಷ್ಟೇ ಸಾಲದು, ಹೇಗೆ ಇರುತ್ತಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸ್ಕಿಜೋಫ್ರೇನಿಯಾದಿಂದ ಗುಣವಾಗಿ ಮನೆಗೆ ಹೋದವರನ್ನು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ ಬೆನ್ನುಹತ್ತಿ ನೋಡಿದರು. ಟೀಕೆ, ಹಗೆ, ಉಸಿರುಕಟ್ಟಿಸುವ ಅತಿ ಮುತುವರ್ಜಿ ಇದ್ದ ಮನೆಗಳಲ್ಲಿ ಕಾಯಿಲೆ ಹೆಚ್ಚಾಗಿ ಮರಳುತ್ತಿತ್ತು. ಚಂಡೀಗಢದಲ್ಲಿ ಅದೇ ಅಳತೆ ಹಿಡಿದಾಗ ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಸಿಕ್ಕವು. ನಾವು ಹೆಮ್ಮೆಪಡಬಹುದಾದ ಸುದ್ದಿ, ಆದರೆ ಕಾವೇರಿಯ ಮನೆ ನೆನಪಾದರೆ ಹೆಮ್ಮೆ ಸ್ವಲ್ಪ ಇಳಿಯುತ್ತದೆ.

2009ರಲ್ಲಿ ನಿಮ್ಹಾನ್ಸ್ ತಾಯಿ-ಮಗುವಿಗೆಂದೇ ಒಂದು ವಾರ್ಡು ತೆರೆಯಿತು. ಸನ್ನಿ ಹಿಡಿದ ಬಾಣಂತಿಯಿಂದ ಮಗುವನ್ನು ಕಿತ್ತುಕೊಂಡು ಬೇರೆಡೆ ಸಾಕುವುದೇ ವಾಡಿಕೆಯಾಗಿತ್ತು. ಇಲ್ಲಿ ಮಗು ಅಮ್ಮನ ಜೊತೆಗೇ ಇರುತ್ತದೆ, ನೋಡಿಕೊಳ್ಳಲು ಮನೆಯವರೂ ಇರುತ್ತಾರೆ. ಅಮ್ಮ ಇನ್ನೂ ಪೂರ್ತಿ ಚೇತರಿಸಿಕೊಳ್ಳದ ದಿನಗಳಲ್ಲೇ, ದಾದಿಯರ ಕಣ್ಗಾವಲಿನಲ್ಲಿ, ಮಗುವನ್ನು ಎತ್ತಿಕೊಳ್ಳಲು, ಸ್ನಾನ ಮಾಡಿಸಲು ಮತ್ತೆ ಕಲಿಯುತ್ತಾಳೆ. ಅವಳ ಕೈಗೆ ಮಗುವನ್ನು ನಂಬಿ ಕೊಡುವುದನ್ನು ಮನೆಯವರು ಕಲಿಯುತ್ತಾರೆ. ಎರಡನೆಯದು ಹೆಚ್ಚು ಕಷ್ಟ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದನ್ನು ಹಕ್ಕಾಗಿಯೇ ಬರೆದಿದೆ: ಮಾನಸಿಕ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆ ಎಂದು ವೈದ್ಯರು ಕಂಡುಕೊಂಡರೆ ಮಾತು ಬೇರೆ.

ನಿಮ್ಮ ಮನೆಯ ಬಾಣಂತಿಗೆ ಎರಡು ರಾತ್ರಿ ನಿದ್ದೆಯೇ ಹತ್ತದೆ, ಸಂಬಂಧವಿಲ್ಲದ ಮಾತು ಶುರುವಾಗಿದ್ದರೆ ತಾಯಿತ ಕಟ್ಟಿಸಿ ಅಮಾವಾಸ್ಯೆ ಕಳೆಯಲೆಂದು ಕಾಯಬೇಡಿ. ಅವಳನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಏನು ಮಾಡಬೇಕೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ, ನಡುರಾತ್ರಿಯಲ್ಲೂ ಸಿಗುತ್ತಾರೆ.