‘ಸಾಕು’ ಅಂದ್ರೆ ‘ಹಾಕು’ ಅಂತ ಕೇಳೋ ಕಿವಿ: ಕೋವಿ ಸದ್ದು ಮತ್ತು ಎಲೆಕ್ಟ್ರಾನಿಕ್ ಇಯರ್‌ಮಫ್

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತಿನ ಮಾತು ಕಿವಿ ಬಗ್ಗೆ. ಶುರು ಮಾತ್ರ ಊಟದ ಪಂಕ್ತಿಯಿಂದ.

ನಮ್ಮೂರು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು. ಕೆಲವು ವರ್ಷದ ಹಿಂದೆ ನೆಂಟರ ಮನೆ ಗೃಹಪ್ರವೇಶದಲ್ಲಿ ನಮ್ಮಪ್ಪ ಸಾರಿನ ಬಕೆಟ್ ಹಿಡ್ಕೊಂಡು ಬಡಿಸ್ತಾ ಇದ್ರು. ತಲೆ ಬಗ್ಗಿಸಿ ಉಣ್ತಿದ್ದ ಒಬ್ಬ ಹಿರಿಯರು “ಸಾಕು ಕಣಪ್ಪಾ, ಸಾಕು” ಅಂದ್ರು. ಅಪ್ಪ ಇನ್ನೊಂದು ಸೌಟು ಹಾಕಿದ್ರು. “ಸಾಕೂ” ಅಂತ ಜೋರಾಗಿ ಅಂದ್ರೆ ಮತ್ತೊಂದು ಸೌಟು. ಸಾರು ಎಲೆ ದಾಟಿ ಅವರ ಪಂಚೆ ಮೇಲೆ ಹರೀತು. ಪಂಕ್ತಿಗೆ ಪಂಕ್ತಿನೇ ನಕ್ಕಿತು, ಅಪ್ಪನೂ ನಕ್ಕರು. ಆಮೇಲೆ ಮನೆಗೆ ಬಂದು “ಅವ್ರು ಹಾಕು ಅಂದ್ರಲ್ಲೋ” ಅಂದಾಗ ನನಗೆ ನಗು ಬರಲಿಲ್ಲ.

ಕಿವಿ ತಪಾಸಣೆ ಮಾಡಿಸಿದ್ವಿ. ಆಡಿಯೋಗ್ರಾಮ್ ಅಂತ ಒಂದು ನಕ್ಷೆ ಕೊಡ್ತಾರೆ. ಎಡದಿಂದ ಬಲಕ್ಕೆ ದಪ್ಪ ಸ್ವರದಿಂದ ತೀಕ್ಷ್ಣ ಸ್ವರ, ಮೇಲಿಂದ ಕೆಳಕ್ಕೆ ಕೇಳಿಸೋದು ಎಷ್ಟು ಕಡಿಮೆ ಅನ್ನೋದು. ಅಪ್ಪನ ಗೆರೆ ಅರ್ಧದವರೆಗೆ ಚೆನ್ನಾಗಿ ಬಂದು 4000 ಹರ್ಟ್ಜ್ ಹತ್ರ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ಎಡಗಿವಿಯಲ್ಲಿ ಬಾವಿ ಇನ್ನೂ ಆಳ. ನಕ್ಷೆ ನೋಡಿದ ಆಡಿಯಾಲಜಿಸ್ಟ್ ಕೇಳಿದ್ದು ಒಂದೇ ಪ್ರಶ್ನೆ: “ಕೋವಿ ಹೊಡೀತಿದ್ರಾ? ಬಲಗೈಯವರಾ?” ಅಪ್ಪ ಬೆರಗಾಗಿ ನನ್ನ ಮುಖ ನೋಡಿದ್ರು. ನಾನೇನೂ ಹೇಳಿರಲಿಲ್ಲ.

ಅದರಲ್ಲಿ ಮಾಯ ಇಲ್ಲ. ಬಲಗೈಯವರು ಉದ್ದ ಕೋವಿಯ ಹಿಡಿಯನ್ನ ಬಲ ಭುಜಕ್ಕೆ ಒತ್ತಿ, ಬಲ ಕೆನ್ನೆ ಆನಿಸಿ ಗುರಿ ಇಡ್ತಾರೆ. ಆಗ ಬಲಗಿವಿ ತಲೆಯ ಮರೆಗೆ ಸರಿಯುತ್ತೆ, ಎಡಗಿವಿ ನಳಿಗೆಯ ಬಾಯಿ ಕಡೆ ತಿರುಗಿರುತ್ತೆ. ವರ್ಷಗಟ್ಟಲೆ ಹೊಡೆತ ತಿಂದಿದ್ದು ಎಡಗಿವಿ. ಇನ್ನು ‘ಸಾಕು’ ಮತ್ತು ‘ಹಾಕು’ ವಿಚಾರ. ‘ಸ’ ಅನ್ನೋ ಸದ್ದಿನ ಜೀವ ಇರೋದು ತೀಕ್ಷ್ಣ ಸ್ವರದಲ್ಲಿ, ಸರಿಯಾಗಿ ಆ ಬಾವಿಯಲ್ಲಿ ಮತ್ತು ಅದರ ಆಚೆ. ಅದು ಬಿದ್ದುಹೋದ್ರೆ ಉಳಿಯೋದು ‘ಆಕು’. ಉಳಿದದ್ದನ್ನ ಮೆದುಳು ತನಗೆ ತೋಚಿದ ಹಾಗೆ ತುಂಬಿಕೊಳ್ಳುತ್ತೆ. ಅದಕ್ಕೇ ಇಂಥವರು “ಕೇಳ್ಸತ್ತೆ, ಏನಂದ್ರಿ ಅಂತ ತಿಳಿಯಲ್ಲ” ಅಂತಾರೆ. ನಾವು ಸುಮ್ಮನೆ ಕಿರುಚ್ತೀವಿ. ಕಿರುಚಿದಾಗ ‘ಆ’ ಜೋರಾಗುತ್ತೆ, ‘ಸ’ ಅಲ್ಲೇ ಇರುತ್ತೆ.

ಮುಂದೆ ಹೋಗೋ ಮೊದಲು ಒಂದು ಮಾತು. ನಾನು ಶಿಕಾರಿ ಬಗ್ಗೆ ಹೇಳ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ. ಬೆಳೆ ರಕ್ಷಣೆಗೆ ಕೊಟ್ಟ ಕೋವಿ ಲೈಸೆನ್ಸ್ ಹಂದಿ ಹೊಡೆಯೋ ಪರವಾನಗಿ ಅಲ್ಲ, ಎಷ್ಟೋ ಜನ ಹಾಗೆ ಅಂದ್ಕೊಂಡಿದ್ದಾರೆ. ಆದ್ರೆ ಕೋವಿ ಸದ್ದು ನಮ್ಮಲ್ಲಿ ನಿಂತಿಲ್ಲ. ಮೆಕ್ಕೆಜೋಳ ಹಾಲುಗಾಳಿಗೆ ಬಂದಾಗ ರಾತ್ರಿ ಅಟ್ಟಣೆ ಮೇಲೆ ಕೂತು ಹಂದಿ ಬೆದರಿಸೋಕೆ ಈಡು ಹಾರಿಸೋರಿದ್ದಾರೆ. ಕೊಡಗಿನಲ್ಲಂತೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬ ಬಂತಂದ್ರೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ಸಾಲಾಗಿ ನಿಂತು ನೋಡೋ ಮಕ್ಕಳ ಕಿವಿ ಬಗ್ಗೆ ಯೋಚನೆ ಮಾಡಿ. ಒಂದೇ ಏಟಿನ ಸದ್ದಿಗೆ ದೊಡ್ಡವರಿಗೆ 140 ಡೆಸಿಬೆಲ್ ಮಿತಿ ಅಂತಾದ್ರೆ, ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 120.

ಕೋವಿ ಸದ್ದು ಎಷ್ಟು? ಹನ್ನೆರಡು ಬೋರಿನ ತೋಟಾ ಕೋವಿ ಹೊಡೆಯೋನ ಕಿವಿ ಹತ್ರ ಸುಮಾರು 150ರಿಂದ 165 ಡೆಸಿಬೆಲ್ ತಲುಪುತ್ತೆ. ಡೆಸಿಬೆಲ್ ಲೆಕ್ಕ ನಮ್ಮ ಸಾದಾ ಲೆಕ್ಕದ ಹಾಗಲ್ಲ, ಪ್ರತಿ ಹತ್ತಕ್ಕೆ ಶಕ್ತಿ ಹತ್ತು ಪಟ್ಟು ಏರುತ್ತೆ. ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಮಾಡೋರಿಗೆ 85 ಡೆಸಿಬೆಲ್ ಎಚ್ಚರಿಕೆಯ ಗೆರೆ. ಅದಕ್ಕೆ ಹೋಲಿಸಿದ್ರೆ 140ರ ಸದ್ದು ಮೂರು ಲಕ್ಷ ಪಟ್ಟಿಗೂ ಹೆಚ್ಚು ತೀವ್ರ. ಜೋರು ಸದ್ದಿಗೆ ಕಿವಿಯೊಳಗಿನ ಪುಟ್ಟ ಸ್ನಾಯು ಬಿಗಿದು ಅಡ್ಡ ನಿಲ್ಲುತ್ತೆ ನಿಜ, ಆದ್ರೆ ಗುಂಡಿನ ಸದ್ದು ಅಷ್ಟು ಹೊತ್ತು ಕಾಯಲ್ಲ. ಸ್ನಾಯು ಎಚ್ಚೆತ್ತುಕೊಳ್ಳೋದ್ರಲ್ಲಿ ಅಲೆ ಒಳಕಿವಿಯ ಸುರುಳಿಗೆ ಹೋಗಿ ಅಲ್ಲಿನ ರೋಮಕೋಶಗಳನ್ನ ಮುರಿದಾಗಿರುತ್ತೆ. ಆ ಕೋಶಗಳು ಮನುಷ್ಯರಲ್ಲಿ ಮತ್ತೆ ಹುಟ್ಟಲ್ಲ. ಈಡು ಹಾರಿಸಿದ ಮೇಲೆ ಕಿವಿ ಗುಂಯ್ ಅನ್ನೋದು, ಬೆಳಗ್ಗೆ ಸರಿಹೋಗೋದು, “ಏನಾಗಿಲ್ಲ ಬಿಡು” ಅನ್ನೋದು: ಅಪ್ಪ ಇದನ್ನ ಮೂವತ್ತು ವರ್ಷ ಮಾಡಿದ್ರು.

ಹಾಗಾದ್ರೆ ಕಿವಿ ಯಾಕೆ ಮುಚ್ಚಿಕೊಳ್ಳಲಿಲ್ಲ? ಈ ಪ್ರಶ್ನೆನ ನಾನು ನಮ್ಮ ಮಾವನಿಗೆ, ಅಂದ್ರೆ ಅಮ್ಮನ ತಮ್ಮನಿಗೆ ಕೇಳಿದೆ. ಸೂಳೆಕೆರೆ ಗುಡ್ಡದ ಕಡೆ ಅವರ ಹೊಲ. ಲೈಸೆನ್ಸ್ ಕೋವಿ ಇದೆ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ವಾಪಸ್ ತರ್ತಾರೆ. ಮಾವ ಅಂದಿದ್ದು: “ಅಲ್ಲೋ ಅಳಿಯಾ, ಕತ್ತಲಲ್ಲಿ ನಂಗೆ ಕಣ್ಣು ಕಾಣ್ಸತ್ತಾ? ಕಿವಿನೇ ಕಣ್ಣು. ಅದನ್ನೂ ಮುಚ್ಕೊಂಡು ಕೂತ್ರೆ ಹಂದಿ ಬಂದಿದ್ದು ಹೆಂಗೆ ಗೊತ್ತಾಗ್ಬೇಕು?”

ಇದು ಸೋಮಾರಿತನದ ಮಾತಲ್ಲ, ಲೆಕ್ಕದ ಮಾತು. ಅದರೊಳಗೆ ಇನ್ನೊಂದು ಭಯವೂ ಇದೆ. ಹೊಲದ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿನೇ ಬರೋದು. ಮೋಟರ್ ಹಾಕೋಕೆ ಬ್ಯಾಟರಿ ಹಿಡ್ಕೊಂಡು ಪಕ್ಕದ ಹೊಲದವರು ಓಡಾಡ್ತಾರೆ. ಕಾಡುಹಂದಿ ಅಂದ್ಕೊಂಡು ಮನುಷ್ಯರಿಗೆ ಗುಂಡು ಹೊಡೆದ ಸುದ್ದಿ ಮಲೆನಾಡಿನ ಕಡೆಯಿಂದ ಆಗಾಗ ಓದ್ತಾನೇ ಇರ್ತೀವಿ. ಕೋವಿ ಹಿಡಿದವನಿಗೆ ಸುತ್ತಲಿನ ಸದ್ದು ಕೇಳಿಸದೇ ಇರೋದು ಬೇರೆಯವರ ಪ್ರಾಣಕ್ಕೇ ಅಪಾಯ. ಕಿವಿ ತೆರೆದಿಟ್ರೆ ಅವನ ಕಿವಿ ಹೋಗುತ್ತೆ, ಮುಚ್ಚಿದ್ರೆ ಇನ್ನೊಬ್ಬನ ಜೀವ ಹೋಗಬಹುದು.

ಎಲೆಕ್ಟ್ರಾನಿಕ್ ಇಯರ್‌ಮಫ್ ಬಂದಿದ್ದು ಈ ಇಕ್ಕಟ್ಟಿಗೆ ಉತ್ತರವಾಗಿ. ನೋಡೋಕೆ ದಪ್ಪ ಹೆಡ್‌ಫೋನ್ ಥರ. ಒಳಗೆ ಸ್ಪಂಜು ತುಂಬಿದ ಎರಡು ಬಟ್ಟಲು ಕಿವಿಯನ್ನ ಪೂರ್ತಿ ಮುಚ್ಚುತ್ತವೆ. ಹೊರಗಡೆ ಒಂದೊಂದು ಸಣ್ಣ ಮೈಕು, ಒಳಗಡೆ ಒಂದೊಂದು ಸಣ್ಣ ಸ್ಪೀಕರು. ಎಲೆ ಸರಸರ ಅಂದಿದ್ದನ್ನ, ಯಾರೋ ಮಾತಾಡಿದ್ದನ್ನ ಮೈಕು ಹಿಡಿದು ಒಳಗೆ ಕೇಳಿಸುತ್ತೆ. ಬೇಕಂದ್ರೆ ಸ್ವಲ್ಪ ದೊಡ್ಡದು ಮಾಡಿಯೂ ಕೇಳಿಸುತ್ತೆ. ಸದ್ದು ಒಂದು ಮಿತಿ ದಾಟಿದ ಕೂಡಲೇ, ಸಾಮಾನ್ಯವಾಗಿ 82–85 ಡೆಸಿಬೆಲ್ ಹತ್ರ, ಒಳಗಿನ ಸರ್ಕ್ಯೂಟು ಸ್ಪೀಕರನ್ನ ತಡೆಯುತ್ತೆ. ಕೆಲವು ಪೂರ್ತಿ ಬಾಯಿ ಮುಚ್ಚಿಸ್ತವೆ, ಇನ್ನು ಕೆಲವು ಸದ್ದನ್ನ ಅಮುಕಿ ಸಣ್ಣದು ಮಾಡ್ತವೆ. ನಾನು ಹೇಳೋದು ಎರಡನೇ ಥರದ್ದು. ಪೂರ್ತಿ ಕಡಿಯೋದ್ರಲ್ಲಿ ಪ್ರತಿ ಈಡಿನ ನಂತರ ಒಂದು ಕ್ಷಣ ಮೌನ ಬೀಳುತ್ತೆ, ಆ ಕ್ಷಣದಲ್ಲೇ ಯಾರಾದ್ರೂ ಕೂಗಿರಬಹುದು.

ಇಲ್ಲಿ ಬಹಳ ಜನ ತಪ್ಪು ತಿಳ್ಕೊಳ್ಳೋ ವಿಷಯ ಒಂದಿದೆ. ಗುಂಡಿನ ಸದ್ದನ್ನ ತಡೆಯೋದು ಎಲೆಕ್ಟ್ರಾನಿಕ್ಸ್ ಅಲ್ಲ, ಆ ಬಟ್ಟಲು. ಸರ್ಕ್ಯೂಟು ಮಾಡೋದು ಸಣ್ಣ ಸದ್ದಿಗೆ ಒಂದು ಕಿಟಕಿ ತೆರೆಯೋದು, ದೊಡ್ಡದು ಬಂದಾಗ ಮುಚ್ಚೋದು, ಅಷ್ಟೇ. ಹಾಗಾಗಿ ಸೆಲ್ ಮುಗಿದ್ರೂ ರಕ್ಷಣೆ ಹೋಗಲ್ಲ, ಕಿಟಕಿ ಮಾತ್ರ ಮುಚ್ಚಿರುತ್ತೆ. ಅದೇ ಕಾರಣಕ್ಕೆ ಹಾಡು ಕೇಳೋ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನು, ಬ್ಲೂಟೂತ್ ಬಡ್ಸು ಈ ಕೆಲಸಕ್ಕೆ ಬರಲ್ಲ. ಅವು ಬಸ್ಸಿನ ಗೊರಗೊರ ಸದ್ದಿಗೆ ಸರಿ. ಕಿವಿಗೆ ಹತ್ತಿ ತುರುಕೋದಂತೂ ಮನಸ್ಸಿನ ಸಮಾಧಾನ.

ಬಟ್ಟಲೇ ಮುಖ್ಯ ಅಂದ್ಮೇಲೆ ಅದು ತಲೆಗೆ ಸಂದಿಲ್ಲದೆ ಕೂರಬೇಕು. ಮಾವನಿಗೆ ಇಯರ್‌ಮಫ್ ತರಿಸಿಕೊಟ್ಟ ಮೊದಲ ರಾತ್ರಿ ಅವರು ಚಳಿಗೆ ತಲೆಗೆ ಟವೆಲ್ ಸುತ್ತಿ, ಅದರ ಮೇಲೆ ಇದನ್ನ ಹಾಕ್ಕೊಂಡಿದ್ರು! ಬಾಗಿಲು ಹಾಕಿ ಸಂದಿಗೆ ಕೋಲಿಟ್ಟ ಹಾಗೆ. ಕನ್ನಡಕದ ದಪ್ಪ ಕಡ್ಡಿ, ಮಂಕಿ ಕ್ಯಾಪು, ಕಿವಿ ಮುಂದಿನ ಪೊದೆಗೂದಲು ಇವೆಲ್ಲ ಅದೇ ಸಂದಿ ಮಾಡ್ತವೆ. ಟವೆಲ್ಲನ್ನ ಕುತ್ತಿಗೆಗೆ ಸುತ್ತಿಕೊಳ್ಳಿ, ಪಟ್ಟಿಯನ್ನ ನೆತ್ತಿ ಮೇಲೆ ಇಡಿ, ಮೆತ್ತೆ ಬಿರುಕು ಬಿಟ್ಟಿದ್ರೆ ಬದಲಾಯಿಸಿ.

ಇನ್ನೊಂದು ಲೆಕ್ಕ. ಡಬ್ಬಿ ಮೇಲೆ 22 ಅಂತಲೋ ಏನೋ ಒಂದು ಅಂಕಿ ಬರೆದಿರ್ತಾರೆ. ಅಷ್ಟು ಡೆಸಿಬೆಲ್ ಕಡಿಮೆ ಮಾಡುತ್ತೆ ಅಂತ ಅರ್ಥ, ಅದೂ ಸರಿಯಾಗಿ ಹಾಕ್ಕೊಂಡ್ರೆ. 160ರಲ್ಲಿ 22 ಕಳೆದ್ರೆ 138. ಮಿತಿಗಿಂತ ಎರಡೇ ಕಡಿಮೆ! ಅದಕ್ಕೇ ಒಂದರ ಮೇಲೊಂದು ಈಡು ಹಾರಿಸೋರು ಒಳಗೆ ಸ್ಪಂಜಿನ ಇಯರ್‌ಪ್ಲಗ್ ಹಾಕಿ, ಅದರ ಮೇಲೆ ಇಯರ್‌ಮಫ್ ಹಾಕಬೇಕು. ಎರಡೂ ಸೇರಿದ್ರೆ ಅಂಕಿ ದುಪ್ಪಟ್ಟಾಗಲ್ಲ, ಸುಮಾರು ಐದು ಡೆಸಿಬೆಲ್ ಹೆಚ್ಚು ಸಿಗುತ್ತೆ. ಎಲೆಕ್ಟ್ರಾನಿಕ್ ಇದ್ರೆ ಮೈಕಿನ ವಾಲ್ಯೂಮ್ ಏರಿಸಿಕೊಂಡು ಪ್ಲಗ್ ಹಿಂದಿನಿಂದಲೂ ಮಾತು ಕೇಳಬಹುದು. ಪ್ಲಗ್ ಹಾಕೋದಕ್ಕೂ ಒಂದು ಕ್ರಮ ಇದೆ. ಬೆರಳಲ್ಲಿ ಊದುಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೀಬೇಕು, ಇನ್ನೊಂದು ಕೈಯನ್ನ ತಲೆ ಹಿಂದಿನಿಂದ ತಂದು ಕಿವಿಯನ್ನ ಮೇಲಕ್ಕೆಳೆದು ಒಳಗೆ ತಳ್ಳಬೇಕು, ಅದು ಉಬ್ಬೋವರೆಗೆ ಅರ್ಧ ನಿಮಿಷ ಬೆರಳು ಒತ್ತಿ ಹಿಡೀಬೇಕು. ಹೊರಗೆ ಅಣಬೆ ಥರ ಕಾಣ್ತಿದ್ರೆ ಸರಿಯಾಗಿ ಕೂತಿಲ್ಲ.

ಜಾಗವೂ ಸದ್ದನ್ನ ಏರಿಸುತ್ತೆ. ನಮ್ಮೂರ ಪುಷ್ಕರಣಿಯ ಮೆಟ್ಟಿಲ ಮೇಲೆ ನಿಂತು ಚಿಕ್ಕವರಿದ್ದಾಗ ಚಪ್ಪಾಳೆ ತಟ್ತಿದ್ವಿ. ಕಲ್ಲಿನ ಗೋಡೆಗೆ ಬಡಿದು ಸದ್ದು ತಿರುಗಿ ಬರೋದು ಕೇಳೋದೇ ಆಟ. ತಗಡಿನ ಶೆಡ್ಡಿನಿಂದ ಕೋವಿ ಹಾರಿಸಿದ್ರೂ ಹಾಗೇ, ತಗಡಿಗೆ ಬಡಿದ ಸದ್ದು ಮತ್ತೆ ಕಿವಿಗೇ ಬರುತ್ತೆ. ಹೊರಗೆ ಬಂದು ಹಾರಿಸೋದು ಖರ್ಚಿಲ್ಲದ ರಕ್ಷಣೆ.

ಈ ಸಾಧನಕ್ಕೆ ಕೊರತೆಗಳೂ ಇವೆ. ಬೀಸುಗಾಳಿ ಬಂದ್ರೆ ಮೈಕಿನಲ್ಲಿ ಭರ್ ಅನ್ನುತ್ತೆ, ಮಳೆಯಲ್ಲಿ ನೆನೆದ್ರೆ ಕೆಡುತ್ತೆ. ಕಿವಿಯ ಹಾಲೆ ಮುಚ್ಚಿರೋದ್ರಿಂದ ಸದ್ದು ಮುಂದಿನಿಂದ ಬಂತಾ ಹಿಂದಿನಿಂದ ಬಂತಾ ಅಂತ ಗೊಂದಲ ಆಗುತ್ತೆ. ಎರಡು ಬದಿಗೆ ಬೇರೆ ಬೇರೆ ಮೈಕು ಇಲ್ಲದ ಅಗ್ಗದ್ದು ತಗೊಂಡ್ರೆ ಎಡ ಬಲವೂ ತಿಳಿಯಲ್ಲ. ಬೆಲೆ ಕೆಲವು ಸಾವಿರ ರೂಪಾಯಿ. ಸ್ಪಂಜಿನ ಪ್ಲಗ್ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತೆ. ಕೊಡಗಿನ ಸ್ಪರ್ಧೆಗಳಲ್ಲಿ ನೋಡೋಕೆ ಬಂದ ಮಕ್ಕಳಿಗೆಲ್ಲ ಒಂದೊಂದು ಜೊತೆ ಹಂಚಿದ್ರೆ ಶಾಮಿಯಾನದ ಬಾಡಿಗೆಯಷ್ಟೂ ಆಗಲಿಕ್ಕಿಲ್ಲ.

ಕೋವಿ ಇಲ್ಲದವರು ಪೈಪಿನ ಕಾರ್ಬೈಡ್ ಗನ್ ಮಾಡ್ಕೊಂಡು ಮಂಗ ಓಡಿಸ್ತಾರಲ್ಲ, ಅದರ ಸದ್ದೂ ಕಡಿಮೆಯೇನಲ್ಲ. ಮೇಲಾಗಿ ಕಣ್ಣಿನ ಅಪಾಯ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದನ್ನ ಆಟಿಕೆ ಥರ ಬಳಸಿ ಎಷ್ಟೋ ಮಕ್ಕಳು ಕಣ್ಣಿಗೆ ಗಾಯ ಮಾಡ್ಕೊಂಡ್ರು.

ಅಪ್ಪನ ವಿಷಯಕ್ಕೆ ಬರ್ತೀನಿ. ಇಯರ್‌ಮಫ್ ಬಂದ ದಿನ ಮಾವನಿಗೆ ಕೊಡೋ ಮೊದಲು ಅಪ್ಪನ ತಲೆಗೆ ಹಾಕಿ ವಾಲ್ಯೂಮ್ ಏರಿಸಿದೆ. ಸಂಜೆ ಹೊತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತು, “ಜೀರುಂಡೆ ಈಗ್ಲೂ ಕೂಗ್ತಾವೇನೋ? ಹೋದ್ವು ಅಂದ್ಕೊಂಡಿದ್ದೆ” ಅಂದ್ರು. ಅಮ್ಮ ಒಳಗೆ ಹೋಗಿಬಿಟ್ರು. ಆಮೇಲೆ ಅಪ್ಪ ಇದನ್ನೇ ಇಟ್ಕೊಳ್ತೀನಿ ಅಂದ್ರು. ನಾನು ಬೇಡ ಅಂದೆ. ಇದು ಎಲ್ಲ ಸದ್ದನ್ನೂ ಒಂದೇ ಸಮ ಏರಿಸುತ್ತೆ. ಹಿಯರಿಂಗ್ ಏಡ್ ಆದ್ರೆ ಆಡಿಯೋಗ್ರಾಮ್ ನೋಡಿ ಬಿದ್ದ ಸ್ವರವನ್ನ ಮಾತ್ರ ಎತ್ತಿಕೊಡುತ್ತೆ. ಅದಕ್ಕೆ ಪರೀಕ್ಷೆ ಬೇಕು, ಹೊಂದಿಸೋರು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸ ಮಾಡ್ತಿದೆ, ಜಿಲ್ಲಾ ಕೇಂದ್ರದಲ್ಲೂ ಕಿವಿ ತಪಾಸಣೆ ಸಿಗುತ್ತೆ. ಅಪ್ಪನಿಗೆ ಈಗ ಎಡಗಿವಿಗೆ ಏಡ್ ಇದೆ. ಊಟ ಬಡಿಸೋಕೆ ಮಾತ್ರ ಇನ್ನೂ ಹೋಗಿಲ್ಲ.

ಮಾವ ಕಳೆದ ಮುಂಗಾರಿನಲ್ಲಿ ಒಂದು ರಾತ್ರಿ ಹೊಲದಂಚಿನ ಜೋಳದ ಸಾಲು ಅಲ್ಲಾಡಿದ್ದು ಕೇಳಿ ಕೋವಿ ಎತ್ತಿದ್ರಂತೆ. ಅಷ್ಟರಲ್ಲಿ ಮಫ್‌ನಲ್ಲಿ ಸಣ್ಣ ಕೆಮ್ಮು ಕೇಳ್ತಂತೆ. ಮೋಟರ್ ಹಾಕೋಕೆ ಬಂದಿದ್ದ ಪಕ್ಕದ ಹೊಲದವರು, ಬ್ಯಾಟರಿ ಬೆಳಕು ಆರಿಹೋಗಿತ್ತು. ಮಾವ ಇದನ್ನ ನನಗೆ ನೇರವಾಗಿ ಹೇಳಲಿಲ್ಲ, ಅತ್ತೆ ಹೇಳಿದ್ರು. ಮಾವ ಮರುದಿನ ಫೋನ್ ಮಾಡಿ ಹೇಳಿದ್ದು ಇಷ್ಟೇ: “ಅಳಿಯಾ, ಊರಿಗೆ ಬರುವಾಗ ಆ ಸಣ್ಣ ಸೆಲ್ ತಗಂಬಾ. ಎರಡಲ್ಲ, ಹತ್ತು ತಾ.”