ಬಾಗಿಲಿಗೆ ಬರುವ ಅನ್ನ

ವಾರ್ಧಕ್ಯದಲ್ಲಿ ಊಟ ಕುಂದುವುದಕ್ಕೆ ದೇಹಧರ್ಮದೊಡನೆ ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ. ಒಬ್ಬರಿಗಾಗಿ ಒಲೆ ಹೊತ್ತಿಸಬೇಕೆಂಬ ಬೇಸರ, ಎದುರಿಗೆ ಕುಳಿತು ಉಣ್ಣುವವರಿಲ್ಲವೆಂಬ ಶೂನ್ಯಭಾವ, ತುಂಬಿದ ಪಾತ್ರೆಯನ್ನು ಇಳಿಸಲಾರದ ಕೈಗಳ ನಡುಕ ಇವೆಲ್ಲ ಒಂದಾಗಿ, ಏಕಾಕಿಗಳಾಗಿ ಬಾಳುವ ವೃದ್ಧರು ಚಹಾ ಬ್ರೆಡ್ಡುಗಳಲ್ಲಿಯೇ ದಿನವನ್ನು ನೂಕುವಂತಾಗುತ್ತದೆ.

ಈ ಸಂಕಟವನ್ನು ಕಂಡು ಮರುಗಿದವರಲ್ಲಿ ಆಸ್ಟ್ರೇಲಿಯದ ಡೋರಿಸ್ ಟೇಲರ್ ಸ್ಮರಣೀಯರು. ಬಾಲ್ಯದ ಅಪಘಾತದಿಂದ ಗಾಲಿಕುರ್ಚಿಯನ್ನೇ ಆಶ್ರಯಿಸಬೇಕಾಗಿ ಬಂದ ಆ ಮಹಿಳೆ, 1953ರಲ್ಲಿ ಇಂಥವರ ಮನೆಬಾಗಿಲಿಗೆ ಊಟವನ್ನು ಮುಟ್ಟಿಸುವ ‘ಮೀಲ್ಸ್ ಆನ್ ವೀಲ್ಸ್’ ಸಂಸ್ಥೆಯನ್ನು ಕಟ್ಟಿ, ಮರುವರ್ಷವೇ ಪೋರ್ಟ್ ಅಡಿಲೇಡಿನಲ್ಲಿ ಅದರ ಮೊದಲ ಅಡಿಗೆಮನೆಯನ್ನು ತೆರೆಸಿದರು. ಯುದ್ಧಕಾಲದ ಬ್ರಿಟನ್ನಿನಲ್ಲಿ ಸ್ತ್ರೀಯರ ಸ್ವಯಂಸೇವಾ ಸಂಘವು ಅದಾಗಲೇ ಇಂಥ ಕಾರ್ಯವನ್ನು ಆರಂಭಿಸಿದ್ದಿತು. ಅಮೆರಿಕದ ಫಿಲಡೆಲ್ಫಿಯದಲ್ಲಿಯೂ 1954ರಲ್ಲಿ ಅದು ಬೇರೂರಿತು. ಅಮೆರಿಕದಲ್ಲಿಂದು 60 ವರ್ಷ ದಾಟಿದವರಿಗೆ ಸರ್ಕಾರದ ನೆರವಿನಿಂದ ಸಲ್ಲುವ ಪ್ರತಿಯೊಂದು ಊಟದಲ್ಲಿಯೂ ದಿನದ ಪೋಷಕಾಂಶಗಳ ಮೂರನೆಯ ಒಂದು ಭಾಗವಾದರೂ ಇರಬೇಕೆಂಬುದು ನಿಯಮ.

ಆದರೆ ಈ ಸೇವೆಯ ಸತ್ತ್ವವನ್ನು ಪೋಷಕಾಂಶಗಳ ಲೆಕ್ಕದಿಂದಲೇ ಅಳೆಯಲಾಗದು. ಮಧ್ಯಾಹ್ನ ಕರೆಗಂಟೆಯೊತ್ತಿದ ಸ್ವಯಂಸೇವಕಿಯೊಬ್ಬಳು, ಊರುಗೋಲಿನ ಸದ್ದು ಬಾಗಿಲ ಬಳಿಗೆ ಬರುವವರೆಗೂ ಕಾದು ನಿಂತು, ಡಬ್ಬಿಯನ್ನು ಮೇಜಿನ ಮೇಲಿರಿಸುವಾಗ ನಿನ್ನೆಯ ಅನ್ನ ಹಾಗೆಯೇ ಉಳಿದಿರುವುದನ್ನು ಕಾಣುತ್ತಾಳೆ; ಮುಖ ಬಾಡಿದೆಯೆಂದು ವಿಚಾರಿಸುತ್ತಾಳೆ; ಅಗತ್ಯವೆನಿಸಿದರೆ ಬಂಧುಗಳಿಗೆ ಸುದ್ದಿ ಮುಟ್ಟಿಸುತ್ತಾಳೆ. ಬಾಗಿಲು ತೆರೆಯದ ದಿನ, ಒಳಗೆ ಬಿದ್ದವರ ನೆರವಿಗೆ ಮೊದಲು ಧಾವಿಸುವವಳೂ ಅವಳೇ.

2015ರಲ್ಲಿ ಪ್ರಕಟವಾದ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಇದನ್ನು ಸಮರ್ಥಿಸುತ್ತದೆ. ಸೇವೆಗಾಗಿ ಸರದಿಯಲ್ಲಿದ್ದ ವೃದ್ಧರಲ್ಲಿ ಕೆಲವರಿಗೆ ನಿತ್ಯವೂ ಊಟವನ್ನು, ಕೆಲವರಿಗೆ ವಾರಕ್ಕೊಮ್ಮೆ ಶೀತಲೀಕರಿಸಿದ ಊಟದ ಪೊಟ್ಟಣಗಳನ್ನು ಕೊಟ್ಟು, ಉಳಿದವರನ್ನು ಸರದಿಯಲ್ಲಿಯೇ ಇರಿಸಿ, 15 ವಾರಗಳ ಬಳಿಕ ನೋಡಲಾಗಿ, ಒಂಟಿತನದ ಭಾವವು ಹೆಚ್ಚು ಇಳಿದದ್ದು ದಿನವೂ ಒಬ್ಬ ಮನುಷ್ಯನ ಮುಖ ಕಂಡವರಲ್ಲಿ.

‘ಊಟವಾಯಿತೇ?’ ಎಂಬುದನ್ನೇ ಕುಶಲಪ್ರಶ್ನೆಯಾಗಿಸಿಕೊಂಡಿರುವ ನಮಗೆ ಈ ಸತ್ಯವು ಹೊಸದೆನಿಸಲಾರದು. ದೂರದೂರುಗಳಲ್ಲಿ ನೆಲೆಸಿದ ಮಕ್ಕಳು ವೃದ್ಧ ತಂದೆತಾಯಿಗಳಿಗೆ ಕ್ಯಾರಿಯರ್ ಊಟವನ್ನು ಗೊತ್ತುಮಾಡುವಾಗ ರುಚಿಯನ್ನೂ ಬೆಲೆಯನ್ನೂ ವಿಚಾರಿಸುತ್ತಾರೆ. ತರುವವರು ಎರಡು ನಿಮಿಷ ನಿಂತು ಮಾತನಾಡಿಸುವರೇ ಎಂಬುದನ್ನೂ ತಪ್ಪದೆ ವಿಚಾರಿಸಲಿ.