ಎರಡು ಪೆಟ್ಟು ಒಂದೇ ಅಲ್ಲ

ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಡ್ರಮ್ ಮಷೀನನ್ನು ಮಾರುಕಟ್ಟೆಗೆ ತಂದಾಗ, ಇದರ ಸದ್ದು ನಿಜವಾದ ಡ್ರಮ್ಮಿನಂತಿಲ್ಲವೆಂದು ಹಲವರು ಮೂಗು ಮುರಿದರು. ಸುಮಾರು 12 ಸಾವಿರ ಯಂತ್ರಗಳು ತಯಾರಾಗುವಷ್ಟರಲ್ಲಿ, 1983ರಲ್ಲಿ, ಉತ್ಪಾದನೆ ನಿಂತೇ ಹೋಯಿತು. ಆದರೆ ಅಮೆರಿಕದ ಗಾಯಕ ಮಾರ್ವಿನ್ ಗೇ, ಹಿಪ್‌ಹಾಪ್ ಡಿಜೆ ಆಫ್ರಿಕಾ ಬಂಬಾಟಾ ಅಷ್ಟರೊಳಗೆ ಅದನ್ನು ಹಾಡುಗಳ ಬೆನ್ನೆಲುಬಾಗಿಸಿದ್ದರು. ಮುಂಬಯಿಯ ಚರಣ್‌ಜಿತ್ ಸಿಂಗ್ ಅದೇ ಯಂತ್ರದ ಡಿಸ್ಕೊ ತಾಳಕ್ಕೆ ಹತ್ತು ರಾಗಗಳನ್ನು ನುಡಿಸಿದ್ದರು. ಇಂದು ಮೂಲ ಯಂತ್ರ ಸಂಗ್ರಾಹಕರ ಪಾಲು. ಲ್ಯಾಪ್‌ಟಾಪ್‌ನಲ್ಲಿ ಸಂಗೀತ ಕಟ್ಟುವವರಲ್ಲಿ ಬಹಳಷ್ಟು ಮಂದಿಯ ಕೈಗೆ ಸಿಗುವುದು ಅದರ ಸದ್ದುಗಳನ್ನು ಮುದ್ರಿಸಿಟ್ಟ ಸ್ಯಾಂಪಲ್ ಪ್ಯಾಕ್.

ಕಿಕ್, ಸ್ನೇರ್, ಹೈಹ್ಯಾಟ್‌ಗಳಿಗೆ ಒಂದೊಂದು ಫೈಲ್ ಇದ್ದರೆ ಸಾಕಲ್ಲವೇ? ಖಂಡಿತ ಸಾಲದು. 808ರ ಹೈಹ್ಯಾಟ್ ಹಿಂದೆ ವಿದ್ಯುತ್ ಕಂಪನ ಹುಟ್ಟಿಸುವ ಆರು ಆಸಿಲೇಟರ್‌ಗಳಿವೆ. ಸ್ವಿಚ್ ಹಾಕಿದಾಗಿನಿಂದ ಅವು ತಮ್ಮ ಪಾಡಿಗೆ ಮಿಡಿಯುತ್ತಲೇ ಇರುತ್ತವೆ. ಪೆಟ್ಟು ಬಿದ್ದ ಕ್ಷಣದಲ್ಲಿ ಅವುಗಳ ಮಿಶ್ರಣ ಹೇಗಿರುತ್ತದೋ ಅದೇ ಫಿಲ್ಟರ್ ದಾಟಿ ‘ಚಿಕ್’ ಎಂದು ಹೊರಬರುತ್ತದೆ. ಮುಂದಿನ ಪೆಟ್ಟಿಗೆ ಆ ಮಿಶ್ರಣ ಕೊಂಚ ಬೇರೆ. ಒಂದೇ ಫೈಲನ್ನು ಹದಿನಾರು ಸಲ ನುಡಿಸಿದರೆ ಈ ಜೀವಂತಿಕೆ ಸತ್ತುಹೋಗುತ್ತದೆ.

ಅದಕ್ಕೇ ಶ್ರದ್ಧೆಯಿಂದ ಪ್ಯಾಕ್ ಮಾಡುವವರು ಅದೇ ಪೆಟ್ಟನ್ನು ಮತ್ತೆ ಮತ್ತೆ ಮುದ್ರಿಸುತ್ತಾರೆ. ಸ್ಯಾಂಪ್ಲರ್ ಅವನ್ನು ಸರದಿಯ ಮೇಲೆ ನುಡಿಸುತ್ತದೆ. ಈ ವಿಧಾನವೇ ರೌಂಡ್ ರಾಬಿನ್. ಕಿಕ್‌ನ ಡಿಕೇ ನಾಬನ್ನು ತುಸುತುಸುವೇ ತಿರುಗಿಸುತ್ತ, ಗಿಡ್ಡ ‘ಧಪ್’ನಿಂದ ಎಳೆದ ‘ಧೂಂ’ವರೆಗಿನ ಒಂದೊಂದು ಹಂತವನ್ನೂ ಹಿಡಿದಿಡುತ್ತಾರೆ.

ಅಮೆರಿಕದ ರೋಜರ್ ಲಿನ್ 1980ರಲ್ಲೇ ತಂದ ಎಲ್‌ಎಂ-1 ಡ್ರಮ್ ಮಷೀನಿನ ಜಾತಿಯೇ ಬೇರೆ. ನಿಜವಾದ ಡ್ರಮ್ಮಿನ ಸದ್ದನ್ನು 8 ಬಿಟ್ ಚಿಪ್‌ಗಳಲ್ಲಿ ತುಂಬಿದ ಆ ಯಂತ್ರದ ಬೆಲೆ ಆಗ 5 ಸಾವಿರ ಡಾಲರ್‌ ಆಸುಪಾಸು. ಮೆಮೊರಿ ಎಷ್ಟು ದುಬಾರಿಯಾಗಿತ್ತೆಂದರೆ, ಬಹಳ ಹೊತ್ತು ಗುಂಯ್‌ಗುಡುವ ಸಿಂಬಲ್ಲನ್ನು ಲಿನ್ ಕೈಬಿಡಬೇಕಾಯಿತು. ಪಾಪ್ ಗಾಯಕ ಪ್ರಿನ್ಸ್ ಹಾಡುಗಳಲ್ಲಿ ಮೆರೆದ ಈ ಯಂತ್ರದ ಸೊಗಸು ಅದರ ಟ್ಯೂನಿಂಗ್‌ನಲ್ಲಿದೆ. ಶ್ರುತಿ ಇಳಿಸಿದಂತೆ ಸದ್ದು ಒರಟಾಗುತ್ತದೆ. ಕಂಪ್ಯೂಟರ್‌ನಲ್ಲಿ ನಯವಾಗಿ ಶ್ರುತಿ ಇಳಿಸಿದರೆ ಆ ಒರಟುತನ ಬಾರದು. ಯಂತ್ರದಲ್ಲೇ ಇಳಿಸಿ ಮುದ್ರಿಸಬೇಕು.

ಆದ್ದರಿಂದ ಪ್ಯಾಕ್ ಕೊಳ್ಳುವಾಗ ಡೆಮೊ ಹಾಡಿಗೆ ಮರುಳಾಗಬೇಡಿ. ಹೈಹ್ಯಾಟ್ ಒಂದನ್ನೇ ಲೂಪ್‌ನಲ್ಲಿ ಹಾಕಿ ಕೇಳಿ. ಮುದ್ರಿಸಿದವರ ತಾಳ್ಮೆ ಎಷ್ಟೆಂಬುದು ಅಲ್ಲೇ ತಿಳಿಯುತ್ತದೆ.

ಇದೇ ಶ್ರದ್ಧೆ ನಮ್ಮ ಯಂತ್ರಗಳಿಗೂ ಸಲ್ಲಬೇಕು. ಬೆಂಗಳೂರಿನ ರೇಡೆಲ್ ಕಂಪನಿಯ ತಾಳಮಾಲಾದಂಥ ಎಲೆಕ್ಟ್ರಾನಿಕ್ ತಬಲಾಗಳು ಎಷ್ಟೋ ಗಾಯಕರ ರಿಯಾಜಿಗೆ ಠೇಕಾ ಹಿಡಿದಿವೆ. ಅಂಥ ಹಳೆಯದೊಂದು ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಗುಜರಿಗೆ ಹಾಕಬೇಡಿ. ಬೇರೆ ಬೇರೆ ಶ್ರುತಿಯಲ್ಲಿ, ಬೇರೆ ಬೇರೆ ಲಯದಲ್ಲಿ ಅದರ ಒಂದೊಂದು ಠೇಕಾವನ್ನೂ ಈಗಲೇ ಮುದ್ರಿಸಿಡಿ.